ಹ್ಯಾಬ್ಸ್‌ಬರ್ಗರಿಗೆ ರಾಜ್ಯ ತಂದದ್ದು ಮದುವೆಯೇ?

ಯೂರೋಪಿನ ರಾಜಮನೆತನಗಳ ಬಗ್ಗೆ ಹೆಚ್ಚೇನೂ ಓದದವರಿಗೂ ಹ್ಯಾಬ್ಸ್‌ಬರ್ಗರ ಕತೆ ಗೊತ್ತಿರುತ್ತದೆ. ಮದುವೆಯಿಂದ ಗಳಿಸಿದರು, ಮದುವೆಯಿಂದಲೇ ಕಳೆದುಕೊಂಡರು ಎಂಬಲ್ಲಿಗೆ ಕತೆ ಮುಗಿಯುತ್ತದೆ. ಗಳಿಸಿದ್ದಕ್ಕೆ ಸಾಕ್ಷಿಯಾಗಿ ಹಳೆಯ ಲ್ಯಾಟಿನ್ ದ್ವಿಪದಿಯೊಂದನ್ನು ಮುಂದಿಡುತ್ತಾರೆ. ಕಾದಾಟವನ್ನು ಉಳಿದವರ ಪಾಲಿಗೆ ಬಿಟ್ಟು ಹಸೆಮಣೆ ಏರುವ ಆಸ್ಟ್ರಿಯಾದ ಭಾಗ್ಯವನ್ನು ಅದು ಕೊಂಡಾಡುತ್ತದೆ. ಕಳೆದುಕೊಂಡದ್ದಕ್ಕೆ ಸಾಕ್ಷಿ ಸ್ಪೇನಿನ ಎರಡನೇ ಕಾರ್ಲೋಸ್: ಮುಂಚಾಚಿದ ದವಡೆಯ, ಹುಟ್ಟಾ ರೋಗಿಷ್ಠನಾದ, ಮಕ್ಕಳಿಲ್ಲದೆ 1700ರಲ್ಲಿ ಸತ್ತ ದೊರೆ. ಮಾಡಿದ್ದುಣ್ಣೋ ಮಹಾರಾಯ ಎಂಬಷ್ಟು ಚೆನ್ನಾಗಿ ಎರಡೂ ತುದಿಗಳು ಕೂಡಿಕೊಳ್ಳುತ್ತವೆ. ಹಾಗೆ ಕೂಡಿಕೊಳ್ಳುವುದೇ ನನಗೆ ಅನುಮಾನ ಹುಟ್ಟಿಸುವುದು. ವಂಶವೃಕ್ಷವನ್ನು ಎಲ್ಲ ಮುಗಿದ ಮೇಲೆ, ಕೆಳಗಿನ ಹೆಸರಿನಿಂದ ಮೇಲಕ್ಕೆ ಓದುತ್ತೇವೆ; ಅಲ್ಲಿ ಉಳಿದುಕೊಂಡ ಗೆರೆಗಳೆಲ್ಲ ಯಾರೋ ಮೊದಲೇ ಎಣಿಸಿ ಎಳೆದಂತೆ ತೋರುತ್ತವೆ.

ಆಸ್ಟ್ರಿಯಾವನ್ನೇ ನೋಡಿ. ಹ್ಯಾಬ್ಸ್‌ಬರ್ಗರು ಮೂಲತಃ ಆಸ್ಟ್ರಿಯಾದವರಲ್ಲ, ಈಗಿನ ಸ್ವಿಟ್ಜರ್ಲೆಂಡಿನ ಆರ್ಗೌ ಸೀಮೆಯ ಕೋಟೆಯೊಂದರ ಒಡೆಯರು. 1273ರಲ್ಲಿ ಜರ್ಮನ್ ದೊರೆತನಕ್ಕೆ ಚುನಾಯಿತನಾದ ಆ ಮನೆಯ ರುಡಾಲ್ಫ್ ಕಣ್ಣು ಹಾಕಿದಾಗ ಆಸ್ಟ್ರಿಯಾ ಬೊಹೀಮಿಯಾದ ಒಟ್ಟೊಕರನ ಕೈಯಲ್ಲಿತ್ತು. ಅಲ್ಲಿ ತನ್ನ ಹಕ್ಕನ್ನು ಗಟ್ಟಿಮಾಡಿಕೊಳ್ಳಲೆಂದೇ ಒಟ್ಟೊಕರ್ ಹಳೆಯ ಬಾಬೆನ್‌ಬರ್ಗ್ ಮನೆತನದ ಮಾರ್ಗರೆಟ್ ಎಂಬ, ತನಗಿಂತ ಬಹಳ ಹಿರಿಯಳಾದ ಹೆಂಗಸನ್ನು ಮದುವೆಯಾಗಿದ್ದ. ಅಂದರೆ ಆಸ್ಟ್ರಿಯಾಕ್ಕಾಗಿ ಹಸೆಮಣೆ ಏರಿದವನು ಒಟ್ಟೊಕರ್. ದಂಡೆತ್ತಿ ಬಂದು ಅದನ್ನು ಕಿತ್ತುಕೊಂಡವನು ರುಡಾಲ್ಫ್. 1278ರ ಮಾರ್ಚ್‌ಫೆಲ್ಡ್ ಕಾಳಗದಲ್ಲಿ ಒಟ್ಟೊಕರ್ ಸತ್ತ. 1282ರಲ್ಲಿ ರುಡಾಲ್ಫ್ ಆ ನಾಡನ್ನು ತನ್ನ ಗಂಡುಮಕ್ಕಳ ಹೆಸರಿಗೆ ಮಾಡಿದ. ದ್ವಿಪದಿ ಬರೆದ ಕವಿಗೆ ಇದು ನೆನಪಾಗಲಿಲ್ಲವೋ, ನೆನಪಾದರೂ ಛಂದಸ್ಸಿಗೆ ಒಗ್ಗಲಿಲ್ಲವೋ!

ಮದುವೆಯ ಕತೆ ನಿಜವಾಗಿ ಶುರುವಾಗುವುದು 1477ರಲ್ಲಿ, ಬರ್ಗಂಡಿಯ ಮೇರಿಯನ್ನು ಹ್ಯಾಬ್ಸ್‌ಬರ್ಗರ ಮ್ಯಾಕ್ಸಿಮಿಲಿಯನ್ ವರಿಸಿದಾಗ. ಮೇರಿಯ ಕೈಗೆ ನಾಡು ಬಂದದ್ದೇ ಆ ಜನವರಿಯಲ್ಲಿ ಅವಳ ತಂದೆ ಶೂರ ಚಾರ್ಲ್ಸ್ ನಾನ್ಸಿಯ ಕೋಟೆಯ ಹೊರಗೆ ಯುದ್ಧದಲ್ಲಿ ಹತನಾದ್ದರಿಂದ. ಹೆಣ್ಣಿನ ಜತೆ ಬಳುವಳಿಯಾಗಿ ನಾಡೂ ಬಂತು ಎಂದುಕೊಳ್ಳುವಷ್ಟರಲ್ಲಿ ಫ್ರಾನ್ಸಿನ ಹನ್ನೊಂದನೇ ಲೂಯಿ ಬರ್ಗಂಡಿಯ ಡಚಿಯನ್ನೇ ನುಂಗಿದ್ದ. ಉಳಿದ ನೆದರ್ಲ್ಯಾಂಡ್ಸಿಗಾಗಿ ಮ್ಯಾಕ್ಸಿಮಿಲಿಯನ್ 1479ರಲ್ಲಿ ಗಿನೆಗೇಟಿನಲ್ಲಿ ಕಾದಬೇಕಾಯಿತು. 1482ರಲ್ಲಿ ಕುದುರೆಯಿಂದ ಬಿದ್ದು ಮೇರಿ ತೀರಿಕೊಂಡಳು. 1488ರಲ್ಲಿ ಬ್ರೂಜ್ ಪಟ್ಟಣದ ಜನ ಈ ಅಳಿಯನನ್ನು ಹಿಡಿದು ಸೆರೆಯಲ್ಲಿಟ್ಟರು. 1493ರಲ್ಲಿ ಸೆನ್ಲಿ ಒಪ್ಪಂದವಾಗುವ ತನಕ, ಹದಿನಾರು ವರ್ಷ, ಕಾದಾಟ ನಿಲ್ಲಲಿಲ್ಲ. ಕಾದಾಟವನ್ನು ಇತರರಿಗೆ ಬಿಟ್ಟವರ ಲಕ್ಷಣ ಇದಲ್ಲ.

ಸ್ಪೇನ್ ಕೈಗೆ ಬಂದ ಬಗೆ ಇನ್ನೂ ಬೋಧಪ್ರದ. 1496–97ರಲ್ಲಿ ಎರಡು ಮನೆಗಳು ಹೆಣ್ಣು ಕೊಟ್ಟು ಹೆಣ್ಣು ತಂದವು. ಮ್ಯಾಕ್ಸಿಮಿಲಿಯನ್ನನ ಮಗ ಫಿಲಿಪ್‌ಗೆ ಸ್ಪೇನಿನ ಹುವಾನಾ, ಮ್ಯಾಕ್ಸಿಮಿಲಿಯನ್ನನ ಮಗಳು ಮಾರ್ಗರೆಟ್ ಸ್ಪೇನಿನ ಯುವರಾಜ ಹುವಾನ್‌ಗೆ. ಫ್ರಾನ್ಸಿನ ಎದುರು ಇಬ್ಬರೂ ಒಂದಾಗಿ ನಿಲ್ಲಬೇಕೆಂಬುದು ಈ ಬೀಗತನದ ಉದ್ದೇಶ. ಸ್ಪೇನನ್ನು ಸೊಸೆಯ ಮೂಲಕ ಪಡೆಯುತ್ತೇವೆಂದು ಯಾರೂ ಎಣಿಸುವಂತಿರಲಿಲ್ಲ, ಏಕೆಂದರೆ ಇಸಾಬೆಲ್ಲಾ–ಫರ್ಡಿನೆಂಡ್ ದಂಪತಿಗೆ ಹುವಾನಾ ಮೂರನೆಯ ಮಗು. ಮದುವೆಯಾಗಿ ಆರು ತಿಂಗಳಿಗೆ, 1497ರ ಅಕ್ಟೋಬರಿನಲ್ಲಿ ಹುವಾನ್ ಸತ್ತ. ಬಸುರಿಯಾಗಿದ್ದ ಮಾರ್ಗರೆಟ್‌ಗೆ ಹುಟ್ಟಿದ ಕೂಸಿಗೆ ಜೀವವಿರಲಿಲ್ಲ. ಹಕ್ಕು ಹಿರಿಯ ಮಗಳು, ಪೋರ್ಚುಗಲ್ಲಿನ ರಾಣಿ ಇಸಾಬೆಲ್‌ಗೆ ಹೋಯಿತು. 1498ರಲ್ಲಿ ಅವಳು ಹೆರಿಗೆಯಲ್ಲಿ ತೀರಿಕೊಂಡಳು. ಆಗ ಹುಟ್ಟಿದ ಮಿಗೆಲ್ ಎಂಬ ಮಗು ಕ್ಯಾಸ್ಟೀಲ್, ಅರಾಗಾನ್, ಪೋರ್ಚುಗಲ್ ಮೂರಕ್ಕೂ ವಾರಸುದಾರ. ಅದು ಬದುಕಿದ್ದರೆ ಇಡೀ ಐಬೀರಿಯಾ ಪೋರ್ಚುಗಲ್ಲಿನ ಅವೀಸ್ ಮನೆತನದ ಪಾಲಾಗುತ್ತಿತ್ತು, ಮದುವೆಯಿಂದ ರಾಜ್ಯ ಕಟ್ಟಿದ ಜಾಣರೆಂದು ಇತಿಹಾಸಕಾರರು ಅವರನ್ನು ಹೊಗಳುತ್ತಿದ್ದರು. 1500ರ ಜುಲೈಯಲ್ಲಿ, ಎರಡು ವರ್ಷ ತುಂಬುವ ಮೊದಲೇ, ಮಿಗೆಲ್ ಸತ್ತ. ಅದೇ ವರ್ಷ ಫೆಬ್ರವರಿಯಲ್ಲಿ ಗೆಂಟ್ ನಗರದಲ್ಲಿ ಹುವಾನಾಗೆ ಚಾರ್ಲ್ಸ್ ಹುಟ್ಟಿದ್ದ.

ಇಷ್ಟಾದರೂ ಅರಾಗಾನ್ ಕೈತಪ್ಪುವುದರಲ್ಲಿತ್ತು. ಇಸಾಬೆಲ್ಲಾ ಸತ್ತ ಮೇಲೆ ಮುದುಕ ಫರ್ಡಿನೆಂಡ್ ಫ್ರೆಂಚ್ ಕಡೆಯ ಜೆರ್ಮೇನ್‌ಳನ್ನು ಮದುವೆಯಾದ. 1509ರಲ್ಲಿ ಗಂಡುಮಗು ಹುಟ್ಟಿತು, ಕೆಲವೇ ಗಂಟೆ ಬದುಕಿತು. ಆ ಕೂಸು ಬೆಳೆದಿದ್ದರೆ ಸ್ಪೇನ್ ಮತ್ತೆ ಎರಡಾಗುತ್ತಿತ್ತು. ಐದನೇ ಚಾರ್ಲ್ಸ್‌ನ ಮಹಾಸಾಮ್ರಾಜ್ಯದ ಹಿಂದೆ ಮದುವೆಗಳು ಎರಡು, ಅಕಾಲ ಸಾವುಗಳು ಐದು. ಕಾಗೆ ಕೂತದ್ದನ್ನು ಮಾತ್ರ ಬರೆದಿಟ್ಟು ಕೊಂಬೆ ಮುರಿದದ್ದು ಅದರಿಂದಲೇ ಎಂದರೆ ಹೇಗೆ? ಕಡೆಗೆ ಕ್ಯಾಸ್ಟೀಲಿನ ಪಟ್ಟಣಗಳು 1520ರಲ್ಲಿ ಈ ಪರದೇಶಿ ದೊರೆಯ ವಿರುದ್ಧ ಎದ್ದವು. ಮರುವರ್ಷ ವಿಯಲಾರ್‌ನಲ್ಲಿ ಸೈನ್ಯ ಅವನ್ನು ತುಳಿದ ಮೇಲಷ್ಟೇ ಸಿಂಹಾಸನ ಅಲುಗಾಡುವುದು ನಿಂತಿತು.

ಹಂಗೆರಿಯ ವಿಷಯದಲ್ಲಿ ಮ್ಯಾಕ್ಸಿಮಿಲಿಯನ್ ವಾರಸುದಾರಿಕೆಯನ್ನೇ ಗುರಿಯಿಟ್ಟಿದ್ದ, ಒಪ್ಪುತ್ತೇನೆ. 1515ರಲ್ಲಿ ವಿಯೆನ್ನಾದ ಸಂತ ಸ್ಟೀಫನ್ ದೇಗುಲದಲ್ಲಿ ಐವತ್ತಾರರ ಚಕ್ರವರ್ತಿ ಮೊಮ್ಮಗನ ಪರವಾಗಿ ತಾನೇ ನಿಂತು, ಯಾಗೆಲೋನ್ ಮನೆತನದ ಹಂಗೆರಿ–ಬೊಹೀಮಿಯಾ ದೊರೆಯ ಮಗಳು, ಹನ್ನೆರಡರ ಹರೆಯದ ಆನ್‌ಳ ಕೈಹಿಡಿದ. ಅವಳ ತಮ್ಮ ಒಂಬತ್ತು ವರ್ಷದ ಲೂಯಿಗೆ ಮೊಮ್ಮಗಳು ಮೇರಿಯನ್ನು ಕೊಟ್ಟ. ಆದರೆ ಈ ಬೀಗತನ ಎರಡೂ ಕಡೆಗೆ ಸಮಾನವಾಗಿತ್ತು. ಹ್ಯಾಬ್ಸ್‌ಬರ್ಗರ ಗಂಡುಸಂತತಿ ನಿಂತುಹೋಗಿದ್ದರೆ ಯಾಗೆಲೋನ್ ಮನೆತನದವರು ವಿಯೆನ್ನಾಕ್ಕೆ ಬರಬಹುದಿತ್ತು. 1526ರಲ್ಲಿ ಮೊಹಾಚ್ ರಣರಂಗದಲ್ಲಿ ತುರ್ಕರೆದುರು ಇಪ್ಪತ್ತರ ಲೂಯಿ ಸತ್ತದ್ದು ಲೆಕ್ಕವನ್ನು ಒಂದು ಕಡೆಗೆ ವಾಲಿಸಿತು. ಆಮೇಲೂ ಬೊಹೀಮಿಯಾದ ಸಭೆ ಆನ್‌ಳ ಗಂಡನಾದ ಆ ಮೊಮ್ಮಗ ಫರ್ಡಿನೆಂಡನನ್ನು ಚುನಾಯಿಸಿ ದೊರೆ ಮಾಡಿತೇ ಹೊರತು ಹೆಂಡತಿಯ ಹಕ್ಕನ್ನು ಮನ್ನಿಸಿ ಅಲ್ಲ. ಹಂಗೆರಿಯಲ್ಲಿ ಜಾಪೊಲ್ಯಾ ಎಂಬ ಎದುರಾಳಿ ಅವನಿಗಿಂತ ಮೊದಲೇ ಕಿರೀಟ ಧರಿಸಿದ. 1541ರಲ್ಲಿ ಬುಡಾ ಸುಲೈಮಾನನ ವಶವಾಯಿತು. ಅದು ಮರಳಿದ್ದು 1686ರಲ್ಲಿ. ಹಂಗೆರಿಯ ಬಹುಭಾಗ ಕೈಸೇರಲು 1699ರ ಕಾರ್ಲೊವಿಟ್ಸ್ ಒಪ್ಪಂದದ ತನಕ ಕಾಯಬೇಕಾಯಿತು. ಮದುವೆ ಮುಗಿದು ಆಗಲೇ ನೂರೆಂಬತ್ತು ವರ್ಷ ದಾಟಿತ್ತು.

ಹಾಗಾದರೆ ಮದುವೆಗೆ ಬೆಲೆಯೇ ಇರಲಿಲ್ಲವೇ? ಇತ್ತು, ಲಾಟರಿ ಚೀಟಿಗಿರುವಷ್ಟು. ಯೂರೋಪಿನ ಎಲ್ಲ ಅರಮನೆಗಳೂ ಆ ಚೀಟಿ ಕೊಳ್ಳುತ್ತಿದ್ದವು, ಹ್ಯಾಬ್ಸ್‌ಬರ್ಗರ ಸೋತ ಚೀಟಿಗಳೂ ಕಡಿಮೆಯಲ್ಲ. ಬ್ರಿಟನಿಯ ಆನ್‌ಳನ್ನು ಮ್ಯಾಕ್ಸಿಮಿಲಿಯನ್ 1490ರಲ್ಲಿ ಪ್ರತಿನಿಧಿಯ ಮೂಲಕ ಮದುವೆಯಾಗಿದ್ದ. ಮರುವರ್ಷವೇ ಫ್ರಾನ್ಸಿನ ಎಂಟನೇ ಚಾರ್ಲ್ಸ್ ಅವಳನ್ನು ತನ್ನವಳಾಗಿಸಿಕೊಂಡ. ಆ ಚಾರ್ಲ್ಸ್‌ಗೆಂದೇ ಫ್ರೆಂಚ್ ಅರಮನೆಯಲ್ಲಿ ಬೆಳೆಯುತ್ತಿದ್ದವಳು ಮ್ಯಾಕ್ಸಿಮಿಲಿಯನ್ನನ ಮಗಳು ಮಾರ್ಗರೆಟ್. ಒಂದೇ ಏಟಿಗೆ ಅಪ್ಪನ ಹೆಂಡತಿಯೂ ಹೋದಳು, ಮಗಳ ಗಂಡನೂ ಹೋದ. ಮ್ಯಾಕ್ಸಿಮಿಲಿಯನ್ ಆಮೇಲೆ ಮದುವೆಯಾದ ಮಿಲಾನಿನ ಬಿಯಾಂಕಾ ತುಂಬು ವರದಕ್ಷಿಣೆ ತಂದಳು, ಮಕ್ಕಳನ್ನು ಹೆರಲಿಲ್ಲ. 1554ರಲ್ಲಿ ಎರಡನೇ ಫಿಲಿಪ್ ಇಂಗ್ಲೆಂಡಿನ ಮೇರಿ ಟ್ಯೂಡರಳನ್ನು ಮದುವೆಯಾದ, ಅಲ್ಲೂ ಮಗುವಿಲ್ಲ. ಇವಾವುವೂ ವಂಶವೃಕ್ಷದಲ್ಲಿ ಕೊಂಬೆಯಾಗಿ ಬೆಳೆಯುವುದಿಲ್ಲವಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಅಳಿವಿನ ಕತೆ. ಕನ್ನಡದ ಓದುಗರಿಗೆ ಇಲ್ಲಿ ಬೆಚ್ಚಿಬೀಳುವಂಥದ್ದೇನೂ ಇಲ್ಲ. ಸೋದರಮಾವನಿಗೆ ಕೊಡುವ ಮದುವೆ ನಮ್ಮೂರುಗಳಲ್ಲಿ ಕಾಣದ್ದಲ್ಲ. ನಮ್ಮ ಹಲವು ಸಮುದಾಯಗಳಲ್ಲಿ ಅಕ್ಕನ ಮಗಳು ಸಲ್ಲುತ್ತಾಳೆ, ತಂಗಿಯ ಮಗಳು ಸಲ್ಲುವುದಿಲ್ಲ. ಸ್ಪೇನಿನ ಎರಡನೇ ಫಿಲಿಪ್, ನಾಲ್ಕನೇ ಫಿಲಿಪ್ ಇಬ್ಬರೂ ತಂದದ್ದು ತಂಗಿಯ ಮಗಳನ್ನು, ಅದೂ ಪೋಪರ ವಿಶೇಷ ಅಪ್ಪಣೆ ಪಡೆದು. ಸ್ಟೈರಿಯಾದ ಚಾರ್ಲ್ಸ್ ಒಬ್ಬ ಅಕ್ಕನ ಮಗಳನ್ನು ತಂದ. ಸ್ಯಾಂಟಿಯಾಗೊ ದೆ ಕೊಂಪೊಸ್ತೇಲಾ ವಿಶ್ವವಿದ್ಯಾಲಯದ ಗೊಂಜಾಲೊ ಅಲ್ವಾರೆಜ್ ಮತ್ತು ಸಂಗಡಿಗರು 2009ರಲ್ಲಿ ಈ ವಂಶದ ರಕ್ತಸಂಬಂಧವನ್ನು ಗುಣಾಂಕದಲ್ಲಿ ಲೆಕ್ಕಹಾಕಿದರು. ಸೋದರಮಾವನ ಮದುವೆಯ ಮಗುವಿಗೆ ಅದು 0.125, ಒಡಹುಟ್ಟಿದವರ ಕೂಡಿಕೆಯ ಮಗುವಿಗೆ 0.25. ಎರಡನೇ ಕಾರ್ಲೋಸನದು 0.254. ಮನೆತನದ ಮಕ್ಕಳಲ್ಲಿ ಅರ್ಧದಷ್ಟು ಹತ್ತು ವರ್ಷ ಮುಟ್ಟಲಿಲ್ಲವೆಂದೂ ಅವರು ತೋರಿಸಿದರು. ಈ ಕೇಡನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೇಡು ಬೇರೆ, ಒಂದು ವಂಶ ಇಂಥ ದಿನ ಮುಗಿಯಲೇಬೇಕಿತ್ತು ಎನ್ನುವ ತೀರ್ಪು ಬೇರೆ. ಮೂರನೇ ಫಿಲಿಪ್‌ನ ಗುಣಾಂಕವೂ 0.218. ಅವನು ಮದುವೆಯಾದದ್ದು ಸ್ಟೈರಿಯಾದ ಚಾರ್ಲ್ಸ್‌ನ ಮಗಳನ್ನು, ಎಂದರೆ ಅವಳೂ ಸೋದರಮಾವ–ಸೋದರಸೊಸೆಯ ಮದುವೆಯ ಕೂಸು. ಹುಟ್ಟಿದ ಎಂಟು ಮಕ್ಕಳಲ್ಲಿ ಐವರು ಬೆಳೆದು ದೊಡ್ಡವರಾದರು. ಅವರಲ್ಲೊಬ್ಬಳು ಹದಿನಾಲ್ಕನೇ ಲೂಯಿಯ ತಾಯಿ. ಇನ್ನೊಬ್ಬ, ಕಾರ್ಡಿನಲ್ ಫರ್ಡಿನೆಂಡ್, 1634ರಲ್ಲಿ ನೋರ್ಡ್‌ಲಿಂಗೆನ್ ಗೆದ್ದ ದಂಡನಾಯಕರಲ್ಲಿ ಒಬ್ಬ.

ಅಷ್ಟೇ ಅಲ್ಲ, ಕಾರ್ಲೋಸ್ ಹುಟ್ಟಿದ್ದೇ ಒಂದು ಸಾವಿನಿಂದ. ಅವನ ತಾಯಿ ಮರಿಯಾನಾಳನ್ನು ಗೊತ್ತುಮಾಡಿದ್ದು ನಾಲ್ಕನೇ ಫಿಲಿಪ್‌ನ ಮಗ, ಯುವರಾಜ ಬಲ್ತಸಾರ್‌ಗೆ. 1646ರಲ್ಲಿ ಆ ಹುಡುಗ ಹದಿನಾರರಲ್ಲಿ ತೀರಿಕೊಂಡ. ವಾರಸುದಾರನಿಲ್ಲದ ನಲವತ್ತನಾಲ್ಕರ ಅಪ್ಪ 1649ರಲ್ಲಿ ಮಗನಿಗೆಂದು ಗೊತ್ತಾಗಿದ್ದ ಹದಿನಾಲ್ಕರ ಹುಡುಗಿಯನ್ನು ತಾನೇ ಮದುವೆಯಾದ. ಹಾಗೆ ಬಂದ ಸಂತಾನ ಕಾರ್ಲೋಸ್. ಅವನ ಕಾಲದವರು ಯಾರೋ ಮಾಟ ಮಾಡಿಸಿದ್ದಾರೆಂದು ನಂಬಿ ಭೂತ ಬಿಡಿಸಿದರು; ನಾವು ಜೀನುಗಳನ್ನು ದೂರುತ್ತೇವೆ. ನಮ್ಮ ವಿಜ್ಞಾನ ಅವರ ಮಾಟಕ್ಕಿಂತ ಮೇಲು, ಅನುಮಾನವಿಲ್ಲ. ಆದರೂ ಒಂದು ರಾಜ್ಯದ ಗತಿಯನ್ನೆಲ್ಲ ಒಬ್ಬ ದೊರೆಯ ಮೈಯೊಳಗೇ ಹುಡುಕುವ ಚಾಳಿ ಎರಡಕ್ಕೂ ಒಂದೇ.

ಹೊಸ ರಕ್ತ ತಂದವರ ಪಾಡೇನಾಯಿತು? ಫ್ರಾನ್ಸಿನ ವಾಲ್ವಾ ಮನೆತನ ಫ್ಲಾರೆನ್ಸಿನ ಬ್ಯಾಂಕರ್‌ಗಳ ಕುಲದ ಕ್ಯಾಥರೀನ್ ದ ಮೆಡಿಚಿಯನ್ನು ಸೊಸೆಯಾಗಿ ತಂದಿತು. ಅವಳ ನಾಲ್ವರು ಗಂಡುಮಕ್ಕಳು ಬೆಳೆದರು, ಮೂವರು ದೊರೆಗಳಾದರು, ಒಬ್ಬನಿಗೂ ಪಟ್ಟಕ್ಕೆ ಸಲ್ಲುವ ಮಗ ಉಳಿಯಲಿಲ್ಲ; 1589ಕ್ಕೆ ವಂಶ ಮುಗಿಯಿತು. ಇಂಗ್ಲೆಂಡಿನ ರಾಣಿ ಆನ್‌ಳ ತಾಯಿ ವಕೀಲನೊಬ್ಬನ ಮಗಳು. ಆನ್ ಹದಿನೇಳು ಬಾರಿ ಗರ್ಭಿಣಿಯಾದಳು, ಶೈಶವ ದಾಟಿ ಬೆಳೆದವನು ಒಬ್ಬನೇ ಮಗ, ಅವನೂ ಹನ್ನೊಂದು ವರ್ಷಕ್ಕೆ ಹೋದ. ಆ ಹುಡುಗ ಸತ್ತದ್ದು 1700ರ ಜುಲೈಯಲ್ಲಿ. ಕಾರ್ಲೋಸ್ ಸತ್ತದ್ದು ಅದೇ ವರ್ಷದ ನವೆಂಬರಿನಲ್ಲಿ. ಒಂದನ್ನು ದುರದೃಷ್ಟ ಎನ್ನುತ್ತೇವೆ, ಇನ್ನೊಂದನ್ನು ಕರ್ಮಫಲ.

ಅಷ್ಟಕ್ಕೂ 1700ರಲ್ಲಿ ಮುಗಿದದ್ದೇನು? ಗಂಡು ಗೆರೆ ಮಾತ್ರ. ಕಾರ್ಲೋಸ್ ಉಯಿಲು ಬರೆದು ಸ್ಪೇನನ್ನು ಕೊಟ್ಟದ್ದು ತನ್ನ ಮಲ ಅಕ್ಕ ಮಾರಿಯಾ ತೆರೇಸಾಳ ಮೊಮ್ಮಗ, ಅಂಜೂವಿನ ಫಿಲಿಪ್‌ಗೆ. ಇಂದು ಮ್ಯಾಡ್ರಿಡ್‌ನಲ್ಲಿ ಪಟ್ಟದಲ್ಲಿರುವ ಆರನೇ ಫೆಲಿಪೆ ಅದೇ ಫಿಲಿಪ್‌ನ ವಂಶದವನು, ಹಾಗಾಗಿ ಹ್ಯಾಬ್ಸ್‌ಬರ್ಗರ ವಂಶದವನೂ ಹೌದು. ಹೆಣ್ಣಿನ ಮೂಲಕ ಬಂದದ್ದು ಲೆಕ್ಕಕ್ಕಿಲ್ಲ ಎನ್ನುವುದಾದರೆ ಆಗಲಿ, ಅದೇ ಅಳತೆಗೋಲನ್ನು ವಿಯೆನ್ನಾಕ್ಕೂ ಹಿಡಿಯಬೇಕು. ಅಲ್ಲಿ ಗಂಡು ಗೆರೆ 1740ರಲ್ಲಿ ಆರನೇ ಚಾರ್ಲ್ಸ್‌ನೊಂದಿಗೆ ನಿಂತಿತು. ಅನಂತರ 1918ರ ತನಕ ಆಳಿದವರು ಅವನ ಮಗಳು ಮರಿಯಾ ತೆರೇಸಾ ಮತ್ತು ಲೊರೇನಿನ ಫ್ರಾನ್ಸಿಸ್‌ರ ಸಂತಾನ. ಗಂಡಿನ ಲೆಕ್ಕದಲ್ಲಿ ಅವರೆಲ್ಲ ಲೊರೇನಿನವರು. ಮ್ಯಾಡ್ರಿಡ್‌ಗೆ ಒಂದು ನಿಯಮ ಹಿಡಿದು ವಂಶ ಅಳಿಯಿತು ಎನ್ನುತ್ತಾರೆ, ವಿಯೆನ್ನಾಕ್ಕೆ ಅದರ ವಿರುದ್ಧದ ನಿಯಮ ಹಿಡಿದು ವಂಶ ಉಳಿಯಿತು ಎನ್ನುತ್ತಾರೆ. ಒಳಮದುವೆಯಿಂದ ಅಳಿದ ಶಾಖೆ, ಅದರಿಂದ ಪಾರಾದ ಶಾಖೆ ಎಂಬ ಹೋಲಿಕೆಯೆಲ್ಲ ಈ ಕೈಚಳಕದ ಮೇಲೆ ನಿಂತಿದೆ.

ಗಂಡುಸಂತಾನವಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ ರಾಜ್ಯ ಸಿಗಲೆಂದು ಆರನೇ ಚಾರ್ಲ್ಸ್ 1713ರಲ್ಲಿ ಶಾಸನವನ್ನೇ ಹೊರಡಿಸಿದ್ದ. ಯೂರೋಪಿನ ದೊರೆಗಳಿಂದ ಒಬ್ಬೊಬ್ಬರಾಗಿ ಅದಕ್ಕೆ ಒಪ್ಪಿಗೆ ಪಡೆಯುವುದರಲ್ಲೇ ಅವನ ಆಳ್ವಿಕೆಯ ಬಹುಪಾಲು ಕಳೆಯಿತು. 1740ರ ಅಕ್ಟೋಬರಿನಲ್ಲಿ ಅವನು ತೀರಿಕೊಂಡ; ಡಿಸೆಂಬರಿನಲ್ಲಿ ಪ್ರಷ್ಯಾದ ಫ್ರೆಡರಿಕ್ ಸೈಲೀಸಿಯಾದೊಳಗೆ ಸೈನ್ಯ ನುಗ್ಗಿಸಿದ. ಮರಿಯಾ ತೆರೇಸಾ ಎಂಟು ವರ್ಷ ಕಾದಿದಳು. ಹದಿನಾರು ಮಕ್ಕಳನ್ನು ಹೆತ್ತು ಮಗಳಂದಿರನ್ನು ಪಾರ್ಮಾ, ನೇಪಲ್ಸ್, ಪ್ಯಾರಿಸ್‌ಗಳಿಗೆ ಕೊಟ್ಟಳು. ಆ ಬೀಗತನಗಳಿಂದ ಆಸ್ಟ್ರಿಯಾಕ್ಕೆ ಒಂದು ತುಂಡು ನೆಲವೂ ಬರಲಿಲ್ಲ, ಸೈಲೀಸಿಯಾ ಪ್ರಷ್ಯಾದಲ್ಲೇ ಉಳಿಯಿತು.