ಕತ್ತಲೆಗೆ ಕಾರಣ ಬೇಕು

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಕನ್ನಡ ಸಿನಿಮಾ ರಾತ್ರಿಯನ್ನು ತೋರಿಸುವುದನ್ನು ಚೆನ್ನಾಗಿ ಕಲಿತಿದೆ. 'ಉಳಿದವರು ಕಂಡಂತೆ' (2014) ಮಲ್ಪೆಯ ಕಡಲಂಚನ್ನು ಕಂಡ ಬಗೆ, 'ಟಗರು' (2018) ಕಾಲವನ್ನು ತುಂಡರಿಸಿ ಹಿಂದುಮುಂದಾಗಿ ಜೋಡಿಸಿದ ಧೈರ್ಯ, 'ಗರುಡ ಗಮನ ವೃಷಭ ವಾಹನ'ದಲ್ಲಿ (2021) ಕೊಲೆಗಾರ ಶಿವ ಹುಲಿವೇಷದ ತಾಳಕ್ಕೆ ಕುಣಿಯುವಾಗ ನೋಡುವವರ ಮೈ ಜುಮ್ಮೆನ್ನುವುದು, ಇವೆಲ್ಲ ಸಣ್ಣ ಸಾಧನೆಗಳಲ್ಲ. ಚರಣ್ ರಾಜ್, ಅಜನೀಶ್ ಲೋಕನಾಥ್, ಮಿಥುನ್ ಮುಕುಂದನ್ ಅವರ ಹಿನ್ನೆಲೆ ಸಂಗೀತವನ್ನು ಯಾವ ಭಾಷೆಯ ಚಿತ್ರದ ಪಕ್ಕದಲ್ಲಾದರೂ ಇಡಬಹುದು. ನವ ನುವಾರ್ ಎಂದು ಕರೆಯುವ ಈ ಕಪ್ಪು ಅಪರಾಧ ಚಿತ್ರಗಳ ಹಾದಿ ಕನ್ನಡದಲ್ಲಿ ಈಗ ಒಂದು ಪರಂಪರೆ ಎನ್ನುವಷ್ಟು ಗಟ್ಟಿಯಾಗಿದೆ. ಆದರೆ ಅದೇ ಹಾದಿಯಲ್ಲಿ ಪತ್ತೇದಾರನೊಬ್ಬ ಬಂದು ನಿಂತಾಗ, ಅಂದರೆ ಯಾರು ಕೊಂದರು, ಯಾಕೆ ಕೊಂದರು ಎಂದು ಕೇಳಲೇಬೇಕಾದಾಗ, ಚಿತ್ರ ತಡವರಿಸುತ್ತದೆ. ಕ್ಯಾಮೆರಾ ಬೆಳೆದಷ್ಟು ಬರವಣಿಗೆ ಬೆಳೆದಿಲ್ಲ. ಈ ಕೊರತೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು: ನಮ್ಮ ಚಿತ್ರಗಳಲ್ಲಿ ಅಪರಾಧ ಊರಿನೊಳಗಿಂದ ಹುಟ್ಟುವುದಿಲ್ಲ.

ಇದಕ್ಕೆ ದೊಡ್ಡ ಉದಾಹರಣೆ 'ವಿಕ್ರಾಂತ್ ರೋಣ' (2022). ಕಾಡಿನ ನಡುವಿನ ಕಮರೊಟ್ಟು ಎಂಬ ಕಲ್ಪಿತ ಊರು, ಸಾಲು ಕೊಲೆಗಳು, ಅವುಗಳ ಬೆನ್ನು ಹತ್ತಿ ಬಂದ ಇನ್‌ಸ್ಪೆಕ್ಟರ್. ವಿಲಿಯಂ ಡೇವಿಡ್ ಅವರ ಛಾಯಾಗ್ರಹಣ, ಮಳೆ, ಮಂಜು, ದೀಪದ ಬೆಳಕು ಎಲ್ಲವೂ ಸೇರಿ ಮೊದಲ ಅರ್ಧ ಗಂಟೆಯಲ್ಲಿ ಭಯವನ್ನು ನಿಜಕ್ಕೂ ಕಟ್ಟಿಕೊಡುತ್ತವೆ. ಆದರೆ ಕಮರೊಟ್ಟುವಿನ ಜನ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ, ಯಾರ ಜಮೀನು ಯಾರ ಕೈಲಿದೆ, ಯಾರು ಯಾರಿಗೆ ಸಾಲ ಕೊಟ್ಟಿದ್ದಾರೆ ಎಂಬುದು ಚಿತ್ರ ಮುಗಿದರೂ ನಮ್ಮ ಮನಸ್ಸಿಗೆ ಬಂದಿರುವುದಿಲ್ಲ. ಹಾಗಾಗಿ ಹಿಂದೆಂದೋ ಒಂದು ಕುಟುಂಬಕ್ಕಾದ ಅನ್ಯಾಯವೇ ಕೊಲೆಗಳ ಮೂಲ ಎಂದು ಕೊನೆಯಲ್ಲಿ ಬಿಡಿಸಿ ಹೇಳಿದಾಗ ಆ ಅನ್ಯಾಯ ನಮ್ಮನ್ನು ತಟ್ಟುವುದಿಲ್ಲ. ಪತ್ತೇದಾರ ಹುಡುಕಿ ಕಂಡುಕೊಂಡದ್ದಕ್ಕಿಂತ ಫ್ಲ್ಯಾಶ್‌ಬ್ಯಾಕ್ ಹೇಳಿದ್ದೇ ಹೆಚ್ಚು. ಇದು ಈ ಒಂದು ಚಿತ್ರದ ದೋಷವಲ್ಲ, ಇಡೀ ಪ್ರಕಾರಕ್ಕೆ ಅಂಟಿದ ಚಾಳಿ. ಸುಳಿವುಗಳನ್ನು ಮೊದಲರ್ಧದಲ್ಲಿ ಚೆಲ್ಲುವುದು, ಇಂಟರ್‌ವಲ್‌ಗೆ ಒಂದು ತಿರುವು, ಕೊನೆಯ ಇಪ್ಪತ್ತು ನಿಮಿಷದಲ್ಲಿ ಹಳೆಯ ದುಃಖವೊಂದನ್ನು ತಂದು ಎಲ್ಲದಕ್ಕೂ ಉತ್ತರವೆಂದು ಇಡುವುದು.

ಕಪ್ಪು ಚಿತ್ರಗಳ ಮೂಲಕ್ಕೆ ಹೋದರೆ ಅಲ್ಲಿ ಮೊದಲು ಕಾಣುವುದು ಕಾಗದ, ಆಮೇಲೆ ಬೆಳಕು. ಅಮೆರಿಕದ ಅಗ್ಗದ ಪತ್ರಿಕೆಗಳಲ್ಲಿ ಡ್ಯಾಶಿಯಲ್ ಹ್ಯಾಮೆಟ್, ರೇಮಂಡ್ ಚಾಂಡ್ಲರ್ ಬರೆದ ಕಥೆಗಳಿದ್ದವು. ಅವರ ಪತ್ತೇದಾರರಿಗೆ ಬಾಡಿಗೆ ಕಟ್ಟುವ ಚಿಂತೆಯಿತ್ತು, ನಗರದ ದುಡ್ಡು ಯಾವ ಜೇಬಿನಿಂದ ಯಾವ ಜೇಬಿಗೆ ಹೋಗುತ್ತದೆಂಬ ಅರಿವಿತ್ತು. ಜರ್ಮನಿ, ಆಸ್ಟ್ರಿಯಾಗಳಿಂದ ವಲಸೆ ಬಂದ ನಿರ್ದೇಶಕರು ಆ ಕಥೆಗಳ ಮೇಲೆ ನೆರಳು ಹಾಸಿದರು. ನಮ್ಮಲ್ಲೂ ಕಾಗದಕ್ಕೆ ಬರವಿರಲಿಲ್ಲ. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ, ಬಾಡಿಗೆ ಗ್ರಂಥಾಲಯಗಳಲ್ಲಿ ಕೈಯಿಂದ ಕೈಗೆ ದಾಟಿದ ಆ ಪುಸ್ತಕಗಳು ಒಂದು ತಲೆಮಾರಿಗೆ ಓದುವ ಚಟ ಹತ್ತಿಸಿದವು. ವಿಮರ್ಶೆ ಅವನ್ನು ಬಾಗಿಲಾಚೆಯೇ ನಿಲ್ಲಿಸಿತು. ಸಿನಿಮಾದವರೂ ಆ ಕಡೆ ಹೆಚ್ಚು ತಿರುಗಿ ನೋಡಲಿಲ್ಲ. ಹೊರಗಿನ ಚಿತ್ರಗಳಿಂದ ನೆರಳನ್ನು ತಂದರು, ಆ ನೆರಳಿನಡಿ ಇದ್ದ ಓದನ್ನು ತರಲಿಲ್ಲ.

ಬರವಣಿಗೆ ಗೆದ್ದಲ್ಲಿ ಏನಾಗುತ್ತದೆ ಎಂಬುದನ್ನು ಹೇಮಂತ್ ಎಂ. ರಾವ್ ಅವರ 'ಕವಲುದಾರಿ' (2019) ತೋರಿಸುತ್ತದೆ. ಮೆಟ್ರೊಗಾಗಿ ಅಗೆದ ಬೆಂಗಳೂರಿನ ನೆಲದಲ್ಲಿ ತಲೆಬುರುಡೆಗಳು ಸಿಗುತ್ತವೆ. ಅವುಗಳ ಬೆನ್ನು ಹತ್ತುವವನು ಕ್ರೈಂ ವಿಭಾಗದವನಲ್ಲ, ಅಲ್ಲಿಗೆ ಹೋಗಲು ಹಂಬಲಿಸುವ ಟ್ರಾಫಿಕ್ ಪೊಲೀಸ್ ಶ್ಯಾಮ್. ಈ ಒಂದೇ ಆಯ್ಕೆಯಿಂದ ತನಿಖೆಗೆ ಅವನ ಸ್ವಂತ ಆಸೆಯೂ ಇಲಾಖೆಯ ತಡೆಯೂ ಒಟ್ಟಿಗೆ ದಕ್ಕುತ್ತವೆ. ಅನಂತ್ ನಾಗ್ ಅವರ ಮುತ್ತಣ್ಣ ಇನ್ನೂ ಆಳದ ಪಾತ್ರ. ತುರ್ತುಪರಿಸ್ಥಿತಿಯ ಕಾಲದ ಆ ಹಳೆಯ ಪ್ರಕರಣ ಆತನಿಗೆ ಬರೀ ಫೈಲಲ್ಲ, ಬದುಕನ್ನೇ ತಿಂದುಹಾಕಿದ ಸಂಗತಿ. ಅವನು ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದರೂ ತನಿಖೆ ನಡೆಯುತ್ತಿದೆ ಅನ್ನಿಸುತ್ತದೆ. ಅದೇ ಚಿತ್ರ ನಾಯಕಿಯ ಕಡೆ ಹೊರಳಿದಾಗ, ಅಥವಾ ಉಳಿದ ಗಂಟುಗಳನ್ನು ಯಾರದೋ ಬಾಯಿಂದ ಹೇಳಿಸಿ ಬಿಡಿಸುವಾಗ ಬಿಗಿ ಸಡಿಲುತ್ತದೆ. ಸಂದೀಪ್ ಸುಂಕದ ಅವರ 'ಶಾಖಾಹಾರಿ' (2024) ಕಡಿಮೆ ಖರ್ಚಿನ ಚಿತ್ರ. ಅಲ್ಲಿ ರಂಗಾಯಣ ರಘು ಅವರ ಸುಬ್ಬಣ್ಣ ಮಲೆನಾಡಿನ ಸಸ್ಯಾಹಾರಿ ಹೋಟೆಲಿನವನು. ಅವನ ಒಲೆ, ಕತ್ತಿ, ಪಾತ್ರೆಪರಡಿಗಳೇ ಅಪರಾಧದೊಳಗೆ ಸೇರಿಕೊಳ್ಳುತ್ತವೆ. ಆ ಕಥೆಯನ್ನು ಬೇರೆ ಊರಿಗೆ, ಬೇರೆ ಕಸುಬಿಗೆ ಎತ್ತಿಡಲು ಬರುವುದಿಲ್ಲ. ಬರವಣಿಗೆಗೆ ನಾನು ಇಡುವ ಪರೀಕ್ಷೆ ಇದು.

ಕಪ್ಪು ಚಿತ್ರದ ಜೀವವೇ ವಾತಾವರಣ, ಅದರಲ್ಲಿ ಕಥೆಯ ಲೆಕ್ಕ ಕೇಳುವುದು ಸಲ್ಲದು ಎಂದು ವಾದಿಸುವವರಿದ್ದಾರೆ. ಅವರ ಕೈಯಲ್ಲಿ ಒಳ್ಳೆಯ ಸಾಕ್ಷಿಯೂ ಇದೆ. 1946ರ 'ದಿ ಬಿಗ್ ಸ್ಲೀಪ್'ನಲ್ಲಿ ಕಾರು ಚಾಲಕನನ್ನು ಕೊಂದವರಾರೆಂದು ಮೂಲ ಲೇಖಕ ಚಾಂಡ್ಲರನನ್ನೇ ಕೇಳಿದರೆ ಅವನಿಗೂ ಗೊತ್ತಿರಲಿಲ್ಲವಂತೆ. ಆದರೂ ಆ ಚಿತ್ರ ನಿಂತಿದೆ. ನಿಂತಿರುವುದು ಹೇಗೆ? ಅದರ ಪ್ರತಿ ದೃಶ್ಯದಲ್ಲೂ ಎದುರುಬದುರಾದ ಇಬ್ಬರಿಗೂ ಏನೋ ಬೇಕಾಗಿರುತ್ತದೆ, ಇಬ್ಬರೂ ಏನನ್ನೋ ಮುಚ್ಚಿಡುತ್ತಾರೆ, ಆಡುವ ಒಂದೊಂದು ಮಾತೂ ಆ ಎಳೆದಾಟದಿಂದಲೇ ಬರುತ್ತದೆ. ಒಂದು ಗಂಟು ಬಿಚ್ಚದೆ ಉಳಿದರೆ ನೋಡುಗ ಕ್ಷಮಿಸುತ್ತಾನೆ. ಪಾತ್ರಕ್ಕೆ ಬೇಕಾದದ್ದೇನೆಂದು ಬರೆದವರಿಗೇ ಗೊತ್ತಿಲ್ಲದಿದ್ದರೆ ಕ್ಷಮಿಸುವುದಿಲ್ಲ. ಸ್ಟಾರ್, ಹಾಡು, ಮಾರುಕಟ್ಟೆಯ ಒತ್ತಡದ ಮಾತೂ ಬರುತ್ತದೆ. ಆದರೆ ಸುನಿಲ್ ಕುಮಾರ್ ದೇಸಾಯಿ 1989ರಲ್ಲೇ ಹಾಡಿಲ್ಲದ 'ತರ್ಕ' ಮಾಡಿ ಜನರನ್ನು ಹಿಡಿದು ಕೂರಿಸಿದ್ದರು. 'ಬೆಲ್ ಬಾಟಂ' (2019) ಪತ್ತೇದಾರಿ ಕಾದಂಬರಿಯ ಗುಂಗು ಹಿಡಿದ ದಿವಾಕರನನ್ನು ಇಟ್ಟುಕೊಂಡೇ ಗೆದ್ದಿತು. ಅದರ ಕಥೆ ಟಿ.ಕೆ. ದಯಾನಂದ್ ಎಂಬ ಕಥೆಗಾರರದು ಎಂಬುದನ್ನು ಗಮನಿಸಬೇಕು. ನಮ್ಮ ಹೆಚ್ಚಿನ ನಿರ್ದೇಶಕರು ಕಥೆ, ಚಿತ್ರಕಥೆ, ಸಂಭಾಷಣೆ ಮೂರನ್ನೂ ತಾವೇ ಹೊತ್ತುಕೊಳ್ಳುತ್ತಾರೆ. ಬೆಳಕಿಗೆ, ಸಂಗೀತಕ್ಕೆ ಪರಿಣತರನ್ನು ಹುಡುಕುವವರು ಬರವಣಿಗೆಗೆ ಯಾಕೆ ಹುಡುಕುವುದಿಲ್ಲ?

ಹುಬ್ಬಳ್ಳಿ-ಧಾರವಾಡದ ಕಡೆಯಿಂದ ನೋಡಿದರೆ ಬರವಣಿಗೆಯ ಈ ಬಡತನ ಇನ್ನಷ್ಟು ನೋಯಿಸುತ್ತದೆ. ಈ ಭಾಗಕ್ಕೆ ತನ್ನದೇ ಕಪ್ಪು ಕಥೆಯಿದೆ. ಬೈಲಹೊಂಗಲದ ಕೊಲೆಯೊಂದರಿಂದ ಹುಟ್ಟಿದ ಸಣ್ಣಾಟ 'ಸಂಗ್ಯಾ ಬಾಳ್ಯಾ'ದಲ್ಲಿ ಪರರ ಹೆಂಡತಿ ಗಂಗಿಯ ಮೇಲೆ ಸಂಗ್ಯಾನ ಮೋಹ, ಅದಕ್ಕೆ ನೆರವಾದ ಗೆಳೆಯ ಬಾಳ್ಯಾ, ಕೊನೆಗೆ ಅದೇ ಬಾಳ್ಯಾನ ದ್ರೋಹ, ಕೊಲೆ. ಕೊಂದವರು ಯಾರೆಂದು ಆಟ ಶುರುವಾಗುವ ಮುಂಚೆಯೇ ಊರಿಗೆಲ್ಲ ಗೊತ್ತು. ಆದರೂ ಜನ ಬೆಳತನಕ ಕೂತು ನೋಡುತ್ತಾರೆ, ಆಸೆ ಮನುಷ್ಯನನ್ನು ಹೆಜ್ಜೆ ಹೆಜ್ಜೆಯಾಗಿ ಎಲ್ಲಿಗೆ ಎಳೆದೊಯ್ಯುತ್ತದೆ ಎಂದು ಕಾಣುವುದಕ್ಕೆ. ಇಂದಿನ ವಸ್ತುವಿಗೂ ಇಲ್ಲಿ ಬರವಿಲ್ಲ. ರಾಬರ್ಟ್ ಟೌನ್ ಬರೆದ 'ಚೈನಾಟೌನ್' (1974) ಲಾಸ್ ಏಂಜಲೀಸಿನ ನೀರು ಯಾರ ಹೊಲಕ್ಕೆ ಹೋಯಿತು, ಆ ಹೊಲ ಯಾರ ಹೆಸರಿಗಾಯಿತು ಎಂಬಲ್ಲಿಂದ ಕೊಲೆಯನ್ನು ಬೆಳೆಸುತ್ತದೆ. ಮಲಪ್ರಭೆಯ ಕಾಲುವೆ ನೀರಿನ ಕರದ ವಿರುದ್ಧ ನರಗುಂದ-ನವಲಗುಂದದ ರೈತರು ಎದ್ದು, 1980ರ ಜುಲೈನಲ್ಲಿ ಗುಂಡು ತಿಂದ ನೆಲ ಇದು. 2008ರಲ್ಲಿ ಅವಳಿ ನಗರದ ಕೆಲವೇ ವಾರ್ಡುಗಳಿಗೆ ಹಗಲು ರಾತ್ರಿ ನೀರು ಹರಿಯತೊಡಗಿತು. ಪಕ್ಕದ ವಾರ್ಡಿನವರು ನಳ ಬರುವ ದಿನಕ್ಕಾಗಿ ಕೊಡ ಹೊಂದಿಸಿಕೊಂಡು ಕಾಯಬೇಕಾಯಿತು. ಮಲಪ್ರಭೆಗೆ ನೀರು ತರಬೇಕೆಂಬ ಕಳಸಾ-ಬಂಡೂರಿಯ ಹೋರಾಟ ಇನ್ನೂ ಮುಗಿದಿಲ್ಲ. ಇಷ್ಟೆಲ್ಲ ಕಣ್ಣೆದುರಿಗಿದ್ದರೂ ನಮ್ಮ ಸಿನಿಮಾಕ್ಕೆ ಇಲ್ಲಿನ ಮಾತು ಬೇಕಾಗುವುದು ಹೆಚ್ಚಾಗಿ ನಗಿಸುವ ಪಾತ್ರಕ್ಕೆ ಇಲ್ಲವೇ ಅಬ್ಬರಿಸುವ ರೌಡಿಗೆ. ಮುಂದಿನ ಪತ್ತೇದಾರಿ ಚಿತ್ರ ಮಾಡುವವರು ಕ್ಯಾಮೆರಾ ಹಿಡಿಯುವ ಮೊದಲು ಒಬ್ಬ ಕಥೆಗಾರನನ್ನು ಜೊತೆಗಿಟ್ಟುಕೊಂಡು ಅಮರಗೋಳದ ಎಪಿಎಂಸಿಯಲ್ಲಿ, ಧಾರವಾಡದ ಕೋರ್ಟಿನ ವರಾಂಡದಲ್ಲಿ, ನವಲಗುಂದದ ಕಾಲುವೆ ದಂಡೆಯಲ್ಲಿ ಕೆಲವು ತಿಂಗಳು ಕಳೆಯಲಿ, ಅಲ್ಲಿನವರು ಹೇಳುವುದನ್ನು ಕೇಳಿ ಬರೆಯಲಿ.