ಪಟ್ಟೆಗಿಂತ ಮೊದಲು ನೀರು

ಅಕ್ವೇರಿಯಂ ಅಂಗಡಿಗಳಲ್ಲಿ ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ಸಕ್ಕರ್ ಮೀನನ್ನು ನೀವು ನೋಡಿಯೇ ಇರುತ್ತೀರಿ. ಅದರ ವಂಶದ್ದೇ ಝೀಬ್ರಾ ಪ್ಲೆಕೊ. ಪೂರ್ತಿ ಬೆಳೆದರೂ ಬೆರಳುದ್ದ. ಹುರುಪೆಯ ಬದಲು ಎಲುಬಿನ ಫಲಕಗಳ ಕವಚ, ಅದರ ಮೇಲೆ ಕಪ್ಪು ಬಿಳುಪು ಪಟ್ಟೆ. ನನ್ನ ಕಣ್ಣಿಗೆ ಸಿಹಿನೀರಿನಲ್ಲಿ ಇದಕ್ಕಿಂತ ಚೆಲುವಾದ ಮೀನಿಲ್ಲ. ಆದರೆ ಸಾಕುತ್ತೇನೆ ಎನ್ನುವವರಿಗೆ ನಾನು ಮೊದಲು ಹೇಳುವುದು ನೀರಿನ ವಿಚಾರ.

ಬ್ರೆಜಿಲ್‌ನ ಶಿಂಗು ನದಿ ಅಲ್ಟಮಿರಾ ಊರು ದಾಟಿದ ಮೇಲೆ ದೊಡ್ಡದಾಗಿ ತಿರುಗಿ ಬಂಡೆಗಳ ನಡುವೆ ಭೋರ್ಗರೆಯುತ್ತದೆ. ವೋಲ್ಟಾ ಗ್ರಾಂಡೆ ಎಂಬ ಆ ತಿರುವಿನ ಬಂಡೆಬಿರುಕುಗಳೇ ಇದರ ಮನೆ. ನೀರು ಬೆಚ್ಚಗೆ, 28ರಿಂದ 30 ಡಿಗ್ರಿ. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಆ ಕೊರತೆ ತುಂಬುವುದು ಅಲ್ಲಿನ ರಭಸ. ತೊಟ್ಟಿಯಲ್ಲೂ ಅಷ್ಟೇ. ಹೀಟರ್ ಹಾಕಿ ಹರಿವು ಮರೆತರೆ ಮೀನು ಉಸಿರಿಗೆ ಒದ್ದಾಡುತ್ತದೆ. ದೊಡ್ಡ ಫಿಲ್ಟರ್, ತಳದುದ್ದಕ್ಕೂ ನೀರು ತಳ್ಳುವ ಪವರ್‌ಹೆಡ್, ಕರೆಂಟು ಹೋದಾಗಲೂ ನಡೆಯುವ ಏರ್ ಪಂಪ್ ಇರಲಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ.

ಪಾಚಿ ತಿನ್ನಲಿ ಎಂದು ತಂದವರು ಇದನ್ನು ಉಪವಾಸ ಕೆಡವುತ್ತಾರೆ. ಇದರದು ಹೆಚ್ಚಾಗಿ ಮಾಂಸಾಹಾರ. ದೀಪ ಆರಿಸಿದ ಮೇಲೆ ಫ್ರೋಜನ್ ಬ್ಲಡ್‌ವರ್ಮ್, ಮುಳುಗುವ ಪೆಲೆಟ್ ಕೊಡಿ. ಸಂಕೋಚದ ಮೀನು, ಜೊತೆಯಲ್ಲಿ ಚುರುಕಿನ ತಿಂಡಿಪೋತರಿದ್ದರೆ ಇದಕ್ಕೇನೂ ಉಳಿಯದು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಗಂಡಿನ ಪಾಲನೆ. ಒಂದು ಬದಿ ಮುಚ್ಚಿದ, ತನ್ನ ಮೈ ಹಿಡಿಸುವಷ್ಟೇ ಇಕ್ಕಟ್ಟಾದ ಮಣ್ಣಿನ ಕೊಳವೆ ಅದಕ್ಕೆ ಬೇಕು. ಹೆಣ್ಣು ಒಳಹೊಕ್ಕರೆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಸಾಮಾನ್ಯವಾಗಿ ಹತ್ತು ಹದಿನೈದು ಮೊಟ್ಟೆ, ಅಷ್ಟೇ. ಹೆಣ್ಣು ಹೊರಟ ಮೇಲೆ ಗಂಡೊಂದೇ ರೆಕ್ಕೆ ಬೀಸುತ್ತ ಮೊಟ್ಟೆಗಳ ಮೇಲೆ ಹೊಸ ನೀರು ಹಾಯಿಸುತ್ತಿರುತ್ತದೆ. ಮರಿಗಳ ಹೊಟ್ಟೆಗಂಟಿದ ಹಳದಿ ಚೀಲ ಕರಗುವವರೆಗೂ ಕಾವಲು ಬಿಡುವುದಿಲ್ಲ.

ಇಷ್ಟು ಮಿತವಾಗಿ ಮರಿ ಮಾಡುವ ಮೀನಿಗೆ 1991ರಲ್ಲಿ ಇಸ್‌ಬ್ರೂಕರ್ ಮತ್ತು ನೈಸೆನ್ ವೈಜ್ಞಾನಿಕ ಹೆಸರಿಟ್ಟರು. ಅಕ್ವೇರಿಯಂ ಲೋಕವೇ ಇದರ ಬೆನ್ನು ಹತ್ತಿತು. ಬ್ರೆಜಿಲ್ ಇದರ ರಫ್ತನ್ನು ನಿಷೇಧಿಸಿದರೂ ಕಳ್ಳಸಾಗಣೆ ನಿಲ್ಲಲಿಲ್ಲ. ಈ ನಡುವೆ 2016ರಲ್ಲಿ ವಿದ್ಯುತ್ ಉತ್ಪಾದನೆ ಶುರುಮಾಡಿದ ಬೆಲೊ ಮೊಂಟೆ ಯೋಜನೆ ನದಿಯನ್ನು ಕಾಲುವೆಗೆ ತಿರುಗಿಸಿ, ಈ ಮೀನು ಬದುಕಿಗೆ ನೆಚ್ಚಿಕೊಂಡ ಆ ರಭಸವನ್ನೇ ಸೊರಗಿಸಿದೆ. 2022ರಲ್ಲಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಇದನ್ನು ಸೇರಿಸಲು ತೀರ್ಮಾನವಾಯಿತು. ಹಾಗಾಗಿ ಕೊಳ್ಳುವ ಮುನ್ನ ಮರಿ ತೊಟ್ಟಿಯಲ್ಲೇ ಹುಟ್ಟಿದ್ದೆಂಬುದಕ್ಕೆ ಕಾಗದ ಕೇಳಿ. ಕಾಗದವಿಲ್ಲ ಎಂದರೆ, ಎಷ್ಟೇ ಅಗ್ಗವಾಗಿ ಸಿಕ್ಕರೂ, ಬೇಡ ಎಂದು ಬನ್ನಿ.