ಅಂಗೈಯಗಲದ ಉಡುಗೊರೆ
ಪಿಯುಸಿ ಮುಗಿಸಿದ ಮಗಳಿಗೆ ಏನು ಕೊಡಿಸಲಿ ಎಂದು ಕೇಳುವ ದೊಡ್ಡಬಳ್ಳಾಪುರದ ಗೆಳೆಯರಿಗೆ ನನ್ನ ಉತ್ತರ ಒಂದೇ: ಪುಟ್ಟದೊಂದು ಡಿಜಿಟಲ್ ಕ್ಯಾಮೆರಾ. ಕ್ಯಾನನ್ 2000ರಲ್ಲಿ ತಂದ ಡಿಜಿಟಲ್ ಇಕ್ಸಸ್ ಎಷ್ಟು ಚೆಂದವಿತ್ತು! ಲೋಹದ ಮೈ, ಚೌಕದೊಳಗೊಂದು ವೃತ್ತ, 2 ಮೆಗಾಪಿಕ್ಸೆಲ್; ಅಂದವೂ ಉಪಯೋಗವೂ ಒಂದೇ ಜೇಬಿನಲ್ಲಿ.

ಆರಿಸುವಾಗ ಮೆಗಾಪಿಕ್ಸೆಲ್ ಲೆಕ್ಕಕ್ಕಿಂತ ಮೊದಲು ಆಪ್ಟಿಕಲ್ ಜೂಮ್ ನೋಡಿ. ಡಿಜಿಟಲ್ ಜೂಮ್ ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೇ. ಮಸೂರದ ಜೂಮ್ ಹೊಸಕೋಟೆ ಕೆರೆಯ ಕೊಕ್ಕರೆಯನ್ನು ಗರಿ ಕಾಣುವಷ್ಟು ಹತ್ತಿರ ತರಬಲ್ಲದು. ಸೆನ್ಸರ್ ದೊಡ್ಡದಾದಷ್ಟೂ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯ ಮುಸ್ಸಂಜೆ ಚೊಕ್ಕಟವಾಗಿ ಮೂಡುತ್ತದೆ. ಮೆಮೊರಿ ಕಾರ್ಡು, ಇನ್ನೊಂದು ಬ್ಯಾಟರಿ ಜೊತೆಗಿರಲಿ. ಬಣ್ಣವನ್ನು ಮಾತ್ರ ಅವಳೇ ಆರಿಸಲಿ.

ಫೋನಿನಲ್ಲಿ ನೂರು ಕೆಲಸ, ಕ್ಯಾಮೆರಾಕ್ಕೆ ಒಂದೇ. ಅದನ್ನು ಹಿಡಿದವಳು ತನ್ನೂರನ್ನು ನಿಧಾನವಾಗಿ, ಪ್ರೀತಿಯಿಂದ ನೋಡಲು ಕಲಿಯುತ್ತಾಳೆ.